ಕಂಬದ ಬುಡ

ಕೀಲಿಕೈ ಕಂಬದೊಳಗೆ ಹೋಯಿತು.

ಸುಮ್ಮನೆ ಕೆರೆದು ನೋಡೋಣ ಎಂದು ದುರ್ಗಾ ಮಂಡಿಯೂರಿ ಕುಳಿತಿದ್ದಳು. ಸ್ಕೂಟಿಯ ಕೀಲಿಕೈ ಅದು. ಬುಡದಲ್ಲಿ ಬಣ್ಣ ಉಬ್ಬಿದ ಕಡೆ ತುದಿಯಿಟ್ಟು ಒತ್ತಿದ್ದೇ ತಡ, ನೆನೆದ ರಟ್ಟಿಗೆ ಚುಚ್ಚಿದ ಹಾಗೆ ಸರಕ್ಕನೆ ಇಳಿಯಿತು. ಹೊರಗೆಳೆದರೆ ಕೆಂಪು ಪುಡಿ ಉದುರಿತು. ತೂತಿಗೆ ಕಿರುಬೆರಳು ಇಟ್ಟಳು. ಗೆಣ್ಣಿನ ತನಕ ಹೋಯಿತು. ಒಳಗೆ ತಣ್ಣಗೆ, ಹಸಿಹಸಿಯಾಗಿತ್ತು.

ತಲೆಯೆತ್ತಿದಳು. ಹತ್ತು ಹನ್ನೆರಡು ಅಡಿ ಮೇಲೆ, ಬಾಸ್ಕೆಟ್‌ಬಾಲ್ ಬೋರ್ಡಿನ ಹಿಂದಿನ ಕಬ್ಬಿಣದ ತೋಳಿನ ಮೇಲೆ ಅಂಜುಮ್ ಕೂತಿದ್ದಳು. ಟೀಮಿನಲ್ಲೇ ಉದ್ದನೆಯ ಹುಡುಗಿ. ರಿಂಗಿಗೆ ಹೊಸ ಬಲೆ ಕಟ್ಟುತ್ತ, ಕಾಲಾಡಿಸುತ್ತ, ಏನೋ ಹಾಡು ಗುನುಗುತ್ತಿದ್ದಳು.

"ಅಂಜುಮ್, ಇಳಿ."

"ಇನ್ನೆಲ್ಡು ಗಂಟು ಅಷ್ಟೇ ಮೇಡಂ."

"ಬಾಯಿ ಮುಚ್ಚಿಕಂಡು ಇಳೀತೀಯೋ ಇಲ್ಲೋ? ನಿಧಾನಕ್ಕೆ. ಜಿಗೀಬ್ಯಾಡ."

ಹುಡುಗಿ ಇಳಿಯುವಾಗ ಕಂಬ ನರಳಿತು. ಬುಡದ ಮಣ್ಣು ಬೆರಳಗಲ ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಂಡಿತು. ದುರ್ಗಾ ಎರಡೂ ಕೈಯಲ್ಲಿ ಕಂಬವನ್ನು ತಬ್ಬಿ ಹಿಡಿದಿದ್ದಳು. ಎಂಥ ಹುಚ್ಚು ನೋಡಿ! ಅಷ್ಟು ತೂಕದ ಕಬ್ಬಿಣ ಮಗುಚಿಕೊಂಡಿದ್ದರೆ ಇವಳ ಎರಡು ಕೈ ಏನು ಮಾಡುತ್ತಿದ್ದವು? ಇಬ್ಬರ ಹೆಣವನ್ನೂ ಅದರಡಿಯಿಂದ ಎಳೆದು ತೆಗೆಯಬೇಕಾಗುತ್ತಿತ್ತು.

ದಾವಣಗೆರೆಯ ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಕೇಸು ಹಾಕುವುದಕ್ಕೆ ಅವರಿಗೆ ವಕೀಲರಿದ್ದಾರೆ, ಎದುರಿಸುವುದಕ್ಕೆ ನಮಗಿಲ್ಲ. ಟ್ರಸ್ಟಿನ ಕಾಲೇಜು ಅಂದರೆ ಸಾಕು. ಮುಂದೆ ಗ್ರಾನೈಟಿನ ಮೆಟ್ಟಿಲು. ಬಲಗಡೆ ಹುಡುಗರ ಕ್ರಿಕೆಟ್ ಮೈದಾನ, ಅದಕ್ಕೆ ಹುಲ್ಲು, ಅದಕ್ಕೊಬ್ಬ ಮಾಲಿ. ಹಿಂದೆ, ಹಾಸ್ಟೆಲಿನ ಅಡುಗೆಮನೆ ಬಚ್ಚಲು ನೀರು ಹರಿಯುವ ಕಡೆ, ಹುಡುಗಿಯರ ಬಾಸ್ಕೆಟ್‌ಬಾಲ್ ಕೋರ್ಟು. ಮಣ್ಣಿನದು. ಎರಡು ಕಂಬ, ಎರಡು ಬೋರ್ಡು. ಮಾಲಿ ಈ ಕಡೆ ತಲೆಹಾಕಿಯೂ ಮಲಗಿದವನಲ್ಲ. ಈ ಕೋರ್ಟಿನ ಮಾಲಿ, ಕೂಲಿ, ಜಾಡಮಾಲಿ, ಕೋಚು ಎಲ್ಲಾ ದುರ್ಗಾಳೇ.

ಹನ್ನೊಂದು ವರ್ಷ. ಸರಸ್ವತಿ ನಗರದ ಬಾಡಿಗೆ ರೂಮಿನಿಂದ ಮುಂಜಾನೆ ಐದೂವರೆಗೆ ಬರುತ್ತಿದ್ದಳು. ಮೊದಲು ಕಸ ಗುಡಿಸುವುದು. ಹಾಸ್ಟೆಲಿನವರು ಎಸೆದ ಮುಸುರೆ, ನಾಯಿಗಳು ಮಾಡಿದ್ದು, ಹಿಂದಿನ ರಾತ್ರಿ ಗೋಡೆ ಹಾರಿ ಬಂದವರ ಬಾಟಲಿ. ಆಮೇಲೆ ಬಕೆಟ್ಟಿನಲ್ಲಿ ನೀರು ಹೊತ್ತು ಚಿಮುಕಿಸುವುದು, ಬೆನ್ನು ಬಗ್ಗಿಸಿ ರೋಲರ್ ಎಳೆಯುವುದು, ಸುಣ್ಣದ ಪುಡಿಯಲ್ಲಿ ಗೆರೆ ಹಾಕುವುದು. ಸುಣ್ಣ ತಿಂದು ತಿಂದು ಅವಳ ಉಗುರಿನ ಸಂದಿ ಒಡೆದಿತ್ತು. ಅಷ್ಟಾದ ಮೇಲೆ ಹುಡುಗಿಯರು ಬರುತ್ತಿದ್ದರು, ಆಗ ಕೋಚ್ ಆಗುತ್ತಿದ್ದಳು.

ಕೆಲಸ ಗಟ್ಟಿಯಾದದ್ದಲ್ಲ. ಪ್ರತಿ ಜೂನ್‌ನಲ್ಲಿ ಹೊಸ ಆರ್ಡರು, ಪ್ರತಿ ಏಪ್ರಿಲ್‌ನಲ್ಲಿ ಮನೆಗೆ. ಕಾಯಂ ಪಿ.ಡಿ., ಅಂದರೆ ದೈಹಿಕ ಶಿಕ್ಷಣ ನಿರ್ದೇಶಕನ ಹುದ್ದೆ ಬಕ್ಕೇಶನದು. ಬಕ್ಕೇಶ ಅಂದರೆ ಟ್ರಸ್ಟಿನ ಅಧ್ಯಕ್ಷ ಪರಮೇಶ್ವರಪ್ಪನವರ ತಂಗಿಯ ಮಗ. ಚೆಂಡನ್ನು ಅವನು ಮುಟ್ಟುತ್ತಿದ್ದದ್ದು ಆಯುಧಪೂಜೆಗೆ ಕುಂಕುಮ ಹಚ್ಚುವಾಗ. ಯೂನಿವರ್ಸಿಟಿ ಕಪ್ಪು ಮೂರು ಸಲ ಬಂತು. ಮೂರು ಸಲವೂ ಫೋಟೋದಲ್ಲಿ ಕಪ್ ಹಿಡಿದವನು ಬಕ್ಕೇಶ. ದುರ್ಗಾ ಶಾಲು, ಹಾರದ ತಟ್ಟೆ ಹಿಡಿದು ಪಕ್ಕದಲ್ಲಿ. ಮೂರನೆಯ ಸಲ ಪರಮೇಶ್ವರಪ್ಪನವರು ಮೈಕಿನ ಮುಂದೆಯೇ, "ಏ ಹುಡುಗಿ, ಆ ತಟ್ಟೆ ಇತ್ಲಾಗೆ ಹಿಡಿ" ಅಂದರು. ಅವಳಿಗೆ ಆಗ ಮೂವತ್ತನಾಲ್ಕು. ಅವಳು ಕಲಿಸಿದ ಹನ್ನೆರಡು ಹುಡುಗಿಯರು ಎದುರಿಗೇ ನಿಂತಿದ್ದರು. ತಟ್ಟೆಯನ್ನು ಇತ್ಲಾಗೆ ಹಿಡಿದಳು.

ಕಾಯಂ ಮಾಡಿ ಎಂದು ಒಮ್ಮೆ ಕೇಳಿದ್ದಕ್ಕೆ ಬಕ್ಕೇಶ ಹಲ್ಲು ಕಿರಿದು ಹೇಳಿದ್ದ: "ನಿಮ್ಮೋರಿಗೆ ಗೌರ್ಮೆಂಟ್‌ನಾಗೆ ಸಿಕ್ಕೇ ಸಿಗ್ತೈತಲ್ರಿ. ಇಲ್ಲೇ ಯಾಕ ಗಂಟುಬಿದ್ದೀರಿ?" ನಿಮ್ಮೋರು ಅಂದರೆ ಯಾರು ಎಂದು ಅವಳು ಕೇಳಲಿಲ್ಲ. ಅವನು ಹೇಳಲೂ ಇಲ್ಲ.

ಆಟ ಕಲಿತದ್ದು ಹರಿಹರದಲ್ಲಿ. ಅಪ್ಪ ಕಾಟಪ್ಪ ನಟ್ಟು ಬೋಲ್ಟು ಮಾಡುವ ಸಣ್ಣದೊಂದು ಶೆಡ್ಡಿನಲ್ಲಿ ಪ್ರೆಸ್ಸು ಹೊಡೆಯುತ್ತಿದ್ದ. ಅಲ್ಲೇ ಲೇತು ನಡೆಸುತ್ತಿದ್ದ ರೌಫ್ ಸಾಹೇಬರು ಪೌಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿ ಬಂದವರು. ಮನೆ ಹಿಂದಿನ ಬಯಲಲ್ಲಿ ಕೋರ್ಟು ಮಾಡಿ ಓಣಿಯ ಮಕ್ಕಳಿಗೆ ಕಲಿಸುತ್ತಿದ್ದರು. ಗಂಡು ಹೆಣ್ಣು ಅನ್ನುತ್ತಿರಲಿಲ್ಲ, ಯಾರ ಪೈಕಿ ಎಂದು ಕೇಳುತ್ತಿರಲಿಲ್ಲ. ಓಣಿಯವರು ಮಾತ್ರ ಬಿಡಲಿಲ್ಲ. ಕಾಟಪ್ಪನ ಮಗಳು ಚಡ್ಡಿ ಹಾಕ್ಕಂಡು ಕುಣೀತಾಳಂತೆ ಅಂದರು. ಕುಣಿದಳು. ಕುಣಿದು ಯೂನಿವರ್ಸಿಟಿ ಟೀಮಿಗೆ ಹೋದಳು.

ಕೋರ್ಟಿಗೆ ಉಪ್ಪು ಹಾಕುವುದನ್ನು ಕಲಿಸಿದವರೂ ರೌಫ್ ಸಾಹೇಬರೇ. "ಮಣ್ಣಿಗೆ ಉಪ್ಪು ಬೇಕು ಬೇಟಿ. ನೀರಿನಾಗೆ ಕಲಸಿ ಹಾಕು, ರೋಲರ್ ಎಳಿ. ನೆಲ ಬಿಗೀತೈತೆ, ಧೂಳು ಏಳಲ್ಲ, ಹುಡುಗ್ರು ಜಾರಿ ಮೊಣಕಾಲು ಕಿತ್ಕಳಲ್ಲ." ದಾವಣಗೆರೆಗೆ ಬಂದ ಮೊದಲ ವರ್ಷದಿಂದಲೂ ದುರ್ಗಾ ಉಪ್ಪು ಹಾಕಿದಳು. ಮೊದಲು ಅಂಗಡಿಯಿಂದ ತರುತ್ತಿದ್ದಳು. ಮೂರು ವರ್ಷದ ಹಿಂದೆ ಅಂಜುಮ್ ಕಾಲೇಜಿಗೆ ಸೇರಿದಳು. ಅವಳ ತಾಯಿ ಮಾಬೂಬೀ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಹಿಡಿಸಬೇಕಲ್ಲ, ಭಟ್ಟಿಯಲ್ಲಿ ಉಪ್ಪಿಗೇನು ಬರ. ನೆಲಕ್ಕೆ ಬಿದ್ದು ಮಣ್ಣಾದ ಉಪ್ಪನ್ನು ಚೀಲದಲ್ಲಿ ತುಂಬಿ ಕಳಿಸತೊಡಗಿದಳು. ಪುಕ್ಕಟೆ ಸಿಕ್ಕಿದ ಮೇಲೆ ಕೈ ಧಾರಾಳವಾಗುತ್ತದೆ. ಬಚ್ಚಲು ನೀರು ಬಂದು ಕಂಬದ ಹತ್ತಿರ ಮಣ್ಣು ಮೆತ್ತಗಾಗುತ್ತಿತ್ತು. ಅಲ್ಲಿಗೆ ಇನ್ನೊಂದು ಬೊಗಸೆ, ಮತ್ತೊಂದು ಬೊಗಸೆ.

ರೌಫ್ ಸಾಹೇಬರ ಕಂಬಗಳಿಗೆ ಮೊಣಕಾಲೆತ್ತರದ ಕಾಂಕ್ರೀಟ್ ಕಟ್ಟೆ ಇತ್ತು. ಕಬ್ಬಿಣಕ್ಕೆ ಮಣ್ಣೇ ತಾಗುತ್ತಿರಲಿಲ್ಲ. ಆ ಕಟ್ಟೆಯ ಮೇಲೆ ಕೂತು ಬೂಟಿನ ಲೇಸು ಕಟ್ಟಿದವಳು ಅವಳು. ಕಟ್ಟೆ ಯಾಕಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈ ಕಾಲೇಜಿನಲ್ಲಿ ಬರೀ ಪೈಪನ್ನು ಮಣ್ಣಿನಲ್ಲಿ ಹೂತಿದ್ದರು.

ಕೀಲಿಕೈ ಒಳಗೆ ಹೋದ ದಿನ ಸಂಜೆ ಅಂಜುಮ್‌ಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಭಟ್ಟಿಗೆ ಹೋದಳು. ಮಾಬೂಬೀ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೈಮೇಲೆಲ್ಲ ಹೊಟ್ಟು. ವಿಷಯ ಕೇಳಿ ಒಳಗೆ ಕರೆದೊಯ್ದಳು. ಉಪ್ಪು ಹಿಡಿಸಿದ ಅಕ್ಕಿ ಹರವುವ ತಗಡನ್ನು ಎತ್ತಿ ಬೆಳಕಿಗೆ ಹಿಡಿದಳು. ತಗಡಿನ ತುಂಬಾ ತೂತು.

"ನೋಡ್ರಿ ಟೀಚರಮ್ಮಾ. ಆರು ತಿಂಗಳೂ ಬಾಳಿಲ್ಲ. ಉಪ್ಪು ಕಬ್ಬಿಣಾನ ತಿಂತೈತ್ರಿ. ನೆಲಕ್ಕ ಹಾಕ್ತೀರಿ ಅಂದ್ಕಂಡಿದ್ದೆ. ಕಂಬಕ್ಕೂ ಹಾಕಿದ್ರಾ?"

"ಗೊತ್ತಾಗ್ಲಿಲ್ಲ ಮಾಬೂಬೀ."

"ನಂಗೂ ಹೊಳೀಲಿಲ್ಲ. ಚೀಲ ತುಂಬಿ ಕಳ್ಸಿದ್ದು ನಾನೇ." ತಗಡನ್ನು ಗೋಡೆಗೆ ಒರಗಿಸಿದಳು. ಮಗಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಇವತ್ತು ಇಕಿ ಅದರ ಮ್ಯಾಲೆ ಹತ್ತಿದ್ಲಾ?"

ದುರ್ಗಾ ಹೌದೆಂದು ತಲೆಯಾಡಿಸಿದಳು.

"ಯಾ ಅಲ್ಲಾ!" ಮಾಬೂಬೀ ಮಗಳ ರಟ್ಟೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ದುರ್ಗಾಳಿಗೆ ಅಂದಳು: "ಮನಿಯಾಗೆ ಬ್ಯಾಡ ಅಂತಾರ್ರಿ. ಬುರ್ಖಾ ತೆಗೆದು ಆಡೋ ಆಟ ಯಾಕ ಅಂತಾರ. ನೀವ್ ಅದೀರಿ ಅಂತ ಕಳಸ್ತೀನಿ. ನೀವು ಹೂಂ ಅಂದ್ರೆ ಹೂಂ, ಬ್ಯಾಡ ಅಂದ್ರೆ ಬ್ಯಾಡ. ನಂಗೆ ಬ್ಯಾರೆ ಏನೂ ತಿಳಿಯಲ್ಲ."

ಮರುದಿನವೇ ದುರ್ಗಾ ಇನ್ನೊಂದು ಕಂಬದ ಬುಡವನ್ನೂ ಚುಚ್ಚಿ ನೋಡಿ ಅರ್ಜಿ ಬರೆದಳು. ಎರಡೂ ಕಂಬಗಳ ಬುಡ ತುಕ್ಕು ಹಿಡಿದು ತೂತಾಗಿದೆ, ಕೂಡಲೇ ಕಿತ್ತು ಬೇರೆ ಹಾಕಿಸಬೇಕು, ಅಲ್ಲಿಯವರೆಗೆ ಆಟ ನಿಲ್ಲಿಸುತ್ತೇನೆ. ಸಹಿ, ತಾರೀಕು. ಪ್ರಿನ್ಸಿಪಾಲರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಓದಿದರು. "ಈಗ ಇದೊಂದು ಬಾಕಿ ಇತ್ತು ನೋಡಿ" ಅಂದರು. ಹನ್ನೆರಡು ದಿನಕ್ಕೆ ಕಾಲೇಜಿಗೆ ಗ್ರೇಡು ಕೊಡುವ ಕಮಿಟಿ ಬರುವುದಿತ್ತು. ಹೊರರಾಜ್ಯದ ಮೂವರು ಪ್ರೊಫೆಸರುಗಳು, ಅವರಲ್ಲೊಬ್ಬ ಹೆಂಗಸಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಇಡೀ ಕಾಲೇಜಿಗೆ ಸುಣ್ಣ ಬಣ್ಣ ನಡೆದಿತ್ತು. ಬತ್ತಿದ ಕಾರಂಜಿಗೂ ಟ್ಯಾಂಕರ್ ನೀರು ಬಿಟ್ಟಿದ್ದರು.

ಮೂರನೆಯ ದಿನ ಅಧ್ಯಕ್ಷರ ಕೋಣೆಯಿಂದ ಕರೆ ಬಂತು. ಪರಮೇಶ್ವರಪ್ಪನವರು ಮೇಜಿನ ಹಿಂದೆ ಕೂತಿದ್ದರು. ಗರಿಗರಿ ಬಿಳಿ ಜುಬ್ಬಾ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಸಣ್ಣ ದನಿ. ಪಕ್ಕದಲ್ಲಿ ಬಕ್ಕೇಶ ಮೊಬೈಲು ನೋಡುತ್ತ ನಿಂತಿದ್ದ.

"ಬರ್ರಿ, ಕೂಡ್ರಿ."

ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಅವಳಿಗೆ ಹೆದರಿಕೆಯಾಯಿತು. ನಿಲ್ಲಿಸಿಕೊಂಡು ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

"ಕಾಫಿ ತಗಳ್ರಿ. ನಿಮ್ಮ ಪರ್ಮನೆಂಟ್ ವಿಚಾರ ಮೊನ್ನೆ ಮೀಟಿಂಗ್‌ನಾಗೆ ಇಟ್ಟಿದ್ದೆ. ಎಲ್ಲಾ ಒಪ್ಯಾರೆ." ಒಂದು ಕಾಗದವನ್ನು ಅವಳ ಕಡೆ ಸರಿಸಿದರು. ಟೈಪ್ ಆದ ಆರ್ಡರು. ಅವಳ ಹೆಸರು, ಅಪ್ಪನ ಹೆಸರು, ಹುದ್ದೆ. ಕೆಳಗೆ ಅಧ್ಯಕ್ಷರು ಎಂದಿತ್ತು, ಮೇಲೆ ಸಹಿಯಿಲ್ಲದ ಖಾಲಿ ಜಾಗ. "ಕಮಿಟಿ ಬಂದು ಹೋಗ್ಲಿ. ಮಾರನೇ ದಿನ ಸಹಿ."

"ಸರ್, ಕಂಬ..."

"ಕಂಬಕ್ಕೆ ಬಣ್ಣ ಹೊಡಸ್ತೀವಿ. ತೂತು ಗೀತು ಮುಚ್ಚಸ್ತೀವಿ. ಕಮಿಟಿ ಮುಂದೆ ಹುಡುಗೀರ ಒಂದು ಮ್ಯಾಚ್ ಆಡಸ್ರಿ, ಇಪ್ಪತ್ತು ನಿಮಿಷ. ಹೆಣ್ಮಕ್ಕಳ ಆಟ ಅಂದ್ರೆ ಮಾರ್ಕ್ಸ್ ಜಾಸ್ತಿ ಅಂತೆ. ಆಮೇಲೆ ಹೊಸಾ ಕಂಬ. ಸಿಮೆಂಟಿನ ಕೋರ್ಟೇ ಮಾಡ್ಸೋಣಂತೆ, ಅದಕ್ಕೇನು."

"ಬೀಳ್ತೈತೆ ಸರ್ ಅದು."

ಪರಮೇಶ್ವರಪ್ಪನವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ದನಿ ಏರಲಿಲ್ಲ. "ಬಕ್ಕೇಶ ಹೇಳ್ದ, ಅದಕ್ಕೆ ಉಪ್ಪು ಸುರಿದಿದ್ದು ನೀವೇ ಅಂತೆ. ಟ್ರಸ್ಟಿನ ಆಸ್ತಿ ಅಲ್ಲೇನ್ರಿ ಅದು? ಯಾರನ್ನ ಕೇಳಿ ಸುರಿದ್ರಿ? ನಾಳೆ ಏನಾರ ಆದ್ರೆ ಮೊದ್ಲು ಯಾರ ಕೈಗೆ ಕೋಳ ಬೀಳ್ತೈತೆ, ನೀವೇ ಹೇಳ್ರಿ. ನಾವು ನಿಮ್ಮನ್ನ ಕಾಪಾಡಾಕೆ ನೋಡ್ತಿದೀವಿ." ಅವಳೇ ಬರೆದ ಅರ್ಜಿಯನ್ನು ಆರ್ಡರಿನ ಪಕ್ಕದಲ್ಲಿಟ್ಟರು. "ಇದನ್ನ ವಾಪಸ್ ತಗಂಡು ಹೋಗ್ರಿ."

ಏನು ಮಾಡಬೇಕಿತ್ತು ಅವಳು? ಕೂಗಬೇಕಿತ್ತು, ಕಾಫಿ ಲೋಟ ಎತ್ತಿ ಎಸೆಯಬೇಕಿತ್ತು ಅನ್ನುತ್ತೀರಿ. ಹನ್ನೊಂದು ಏಪ್ರಿಲ್‌ಗಳಲ್ಲಿ ಹನ್ನೊಂದು ಸಲ ಮನೆಗೆ ಹೋಗಿ ಬಂದವರು ಹೇಳಲಿ ಆ ಮಾತು. ದುರ್ಗಾ ಅರ್ಜಿಯನ್ನು ಎತ್ತಿಕೊಂಡಳು, ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಕಾಫಿಯನ್ನೂ ಕುಡಿದಳು.

ಪೇಂಟರುಗಳು ಬಂದರು. ತೂತಿಗೆ ಬಟ್ಟೆ ತುರುಕಿದರು, ಅದರ ಮೇಲೆ ಪುಟ್ಟಿಯ ಲಪ್ಪ ಮೆತ್ತಿದರು, ಅದರ ಮೇಲೆ ನೀಲಿ ಬಣ್ಣ. ಎರಡೇ ದಿನದಲ್ಲಿ ಎರಡೂ ಕಂಬ ಮದುಮಗನ ಹಾಗೆ ನಿಂತವು. ಹುಡುಗಿಯರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. "ಏನು ಶೈನಿಂಗ್ ಮೇಡಂ!" ಎಂದು ಆನಗೋಡಿನ ಹುಡುಗಿಯೊಬ್ಬಳು ಕಂಬಕ್ಕೆ ಒರಗಿ ನಿಂತಳು. ದುರ್ಗಾ ಅವಳ ರಟ್ಟೆ ಹಿಡಿದು ಎಳೆದ ರಭಸಕ್ಕೆ ಹುಡುಗಿಯ ಕಣ್ಣಲ್ಲಿ ನೀರು ಬಂತು.

ಪ್ರಾಕ್ಟೀಸು ನಡೆಯಿತು. ನಡೆಸಿದಳು, ಮುಚ್ಚಿಡುವುದೇನಿದೆ. ಬರೀ ಪಾಸಿಂಗು, ಬರೀ ಓಟ, ಬೋರ್ಡಿಗೆ ಚೆಂಡು ತಾಗಿಸಬ್ಯಾಡ್ರಿ ಅಂದಳು. ಬಾಸ್ಕೆಟ್‌ಬಾಲ್ ಆಡುವವರಿಗೆ ಬೋರ್ಡಿಗೆ ತಾಗಿಸಬೇಡಿ ಅಂದರೆ ಹೇಗೆ? ಮರೆತು ಯಾರೋ ಎಸೆಯುತ್ತಿದ್ದರು. ಧಡ್ ಎಂದು ಬೋರ್ಡಿಗೆ ಬಡಿದಾಗೆಲ್ಲ ಅವಳು ಓಡಿ ಹೋಗಿ ಹುಡುಗಿಯರನ್ನು ಹಿಂದಕ್ಕೆ ತಳ್ಳುತ್ತಿದ್ದಳು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹಗಲು ಆ ಆರ್ಡರಿನ ಖಾಲಿ ಜಾಗ ಕಣ್ಣಿಗೆ ಕಟ್ಟುತ್ತಿತ್ತು.

ಭಾನುವಾರ ಹರಿಹರಕ್ಕೆ ಹೋದಳು. ಅವ್ವ ಓಬವ್ವ ಆಗಲೇ ಓಣಿಗೆಲ್ಲ ಡಂಗುರ ಸಾರಿದ್ದಳು, ಮಗಳದ್ದು ಪರ್ಮನೆಂಟ್ ಆತು ಅಂತ. ಶ್ಯಾವಿಗೆ ಪಾಯಸ ಮಾಡಿಟ್ಟಿದ್ದಳು. ದುರ್ಗಾ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಉಪ್ಪು, ತೂತು, ಬಣ್ಣ, ಬ್ಯಾಗಿನಲ್ಲಿದ್ದ ಅರ್ಜಿ.

ಓಬವ್ವ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟಳು.

"ನಿಮ್ಮಪ್ಪನ ಕೈಬೆರಳು ಪ್ರೆಸ್ಸಿಗೆ ಹೋದಾಗ್ಲೂ ಹಿಂಗೇ ಕೂಡ್ಸಿ ಚಾ ಕೊಟ್ಟಿದ್ರು. ತಪ್ಪು ನಂದೇ ಅಂತ ಬರೆಸ್ಕಂಡು ಹೆಬ್ಬೆಟ್ಟು ಒತ್ತಿಸ್ಕಂಡ್ರು. ಇದ್ದಿದ್ದೇ ಆ ಹೆಬ್ಬೆಟ್ಟು ಒಂದು. ಕೆಲ್ಸ ಉಳೀತು. ನಿನ್ನ ಓದಿಸಿದ್ದೂ ಅದ್ರಾಗೆ."

"ಅದ್ಕೇ ಕೇಳ್ತಿದೀನಿ ಅವ್ವಾ. ಏನ್ ಮಾಡ್ಲಿ?"

"ಸಾಯೋಗಂಟ ಆ ಕೈನ ಲುಂಗಿಯಾಗೇ ಮುಚ್ಚಿಟ್ಕಂಡಿದ್ದ. ನನ್ನ ಮುಂದ್ಲೂ ತೆಗೀತಿರ್ಲಿಲ್ಲ." ಓಬವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನೇನು ಹೇಳಲ್ಲ. ಉಣ್ಣು."

ದುರ್ಗಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು.

ಕಮಿಟಿ ಬರುವ ಹಿಂದಿನ ದಿನ ಬಕ್ಕೇಶ ಮ್ಯಾಚಿನ ಲಿಸ್ಟನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿದ. ಐದೈದರ ಎರಡು ಟೀಮು, ಹತ್ತು ಹೆಸರು. ದುರ್ಗಾ ಎರಡು ಸಲ ಓದಿದಳು. ಅಂಜುಮ್ ಇದ್ದಳು. ಆನಗೋಡಿನವಳಿದ್ದಳು. ಹಾಸ್ಟೆಲಿನ ಆರೂ ಹುಡುಗಿಯರಿದ್ದರು. ಕ್ಯಾಪ್ಟನ್ ರಶ್ಮಿತಾ ಇರಲಿಲ್ಲ.

ರಶ್ಮಿತಾ ಇಲ್ಲದೆ ಆ ಟೀಮು ಯಾವತ್ತೂ ಕೋರ್ಟಿಗೆ ಇಳಿದದ್ದಿಲ್ಲ. ಚೆಂಡು ಅವಳ ಕೈಯಿಂದಲೇ ಹೊರಡಬೇಕು. ನಿಜಲಿಂಗಪ್ಪ ಬಡಾವಣೆಯ ದೊಡ್ಡ ಮನೆಯ ಹುಡುಗಿ, ಬಕ್ಕೇಶನ ಅಕ್ಕನ ಮಗಳು. ಹೀಗಿದ್ದೂ ಕೊಬ್ಬಿಲ್ಲ, ಎಲ್ಲರ ಜೊತೆ ಕೂತು ಎಲ್ಲರ ಡಬ್ಬಿಗೂ ಕೈ ಹಾಕುವವಳು. ದುರ್ಗಾ ಹುಡುಕಿಕೊಂಡು ಹೋದಳು. ಹುಡುಗಿ ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದಳು.

"ಏನಾತೇ? ಜ್ವರಾನಾ?"

"ಜ್ವರ ಗಿರ ಏನಿಲ್ಲ ಮೇಡಂ. ಹಂಗೇ ಹೇಳು ಅಂದಾರೆ." ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು. "ಮಾಮ ಅಮ್ಮಂಗೆ ಫೋನ್ ಮಾಡಿದ್ರು. ಕಂಬ ಯಾವಾಗ ಬೀಳ್ತೈತೋ ಹೇಳಕ್ಕಾಗಲ್ಲ, ನಮ್ಮ ಹುಡುಗೀನ ಆಡಸಬ್ಯಾಡ ಅಂದ್ರಂತೆ. ನಿಜಾನಾ ಮೇಡಂ? ಉಳಿದೋರು ಆಡಬಹುದಾ?"

ದುರ್ಗಾ ಅವಳ ಹಣೆ ಮುಟ್ಟಿದಳು, ತಣ್ಣಗಿತ್ತು. ಇಷ್ಟು ದಿನ ಅವಳು ಅಂದುಕೊಂಡಿದ್ದು ಬೇರೆ. ಇವರಿಗೆ ಅರ್ಥವಾಗುತ್ತಿಲ್ಲ, ತಿಳಿವಳಿಕೆ ಸಾಲದು, ಲೋಭ, ಉಡಾಫೆ ಅಂದುಕೊಂಡಿದ್ದಳು. ಅವರಿಗೆ ಎಲ್ಲವೂ ಗೊತ್ತಿತ್ತು. ತಮ್ಮ ಮನೆಯ ತಲೆಯೊಂದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡು ಉಳಿದ ಹತ್ತನ್ನು ಅದರ ಕೆಳಗೆ ಜೋಡಿಸಿದ್ದರು. ಅದೂ ಟೈಪ್ ಮಾಡಿ.

ನೆಟ್ಟಗೆ ಬಕ್ಕೇಶನ ಕೋಣೆಗೆ ನುಗ್ಗಿದಳು.

"ರಶ್ಮಿತಾ ಯಾಕಿಲ್ಲ?"

"ಜ್ವರ ಕಣ್ರಿ."

"ಜ್ವರ ಇಲ್ಲ. ಈಗ ಹಣೆ ಮುಟ್ಟಿ ಬಂದೆ."

ಬಕ್ಕೇಶ ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ. "ಇಪ್ಪತ್ತು ನಿಮಿಷದ ಆಟ. ಹನ್ನೊಂದು ವರ್ಷ ಬೀಳದ್ದು ಇಪ್ಪತ್ತು ನಿಮಿಷದಾಗೆ ಬೀಳ್ತೈತೇನ್ರಿ? ನಾಡಿದ್ದು ನಿಮ್ಮ ಆರ್ಡರ್‌ಗೆ ಸಹಿ ಬೀಳ್ತೈತೆ, ಅಷ್ಟು ನೋಡ್ರಿ."

"ಹಂಗಾದ್ರೆ ಅವಳನ್ನೂ ಆಡಸ್ರಿ."

ಅವನು ಮೇಜಿನ ಮೇಲಿದ್ದ ಪೆನ್ನನ್ನು ತೆಗೆದು ಡ್ರಾಯರಿನಲ್ಲಿಟ್ಟು ಮುಚ್ಚಿದ. ದುರ್ಗಾ ಕಾದಳು. ಅವನು ತಲೆಯೆತ್ತಲೇ ಇಲ್ಲ.

ಅವಳು ಅಲ್ಲಿಂದ ತನ್ನ ಸಾಮಾನಿನ ಕೋಣೆಗೆ ಹೋದಳು. ಅದು ಅವಳ ಆಫೀಸೂ ಹೌದು, ಹುಡುಗಿಯರು ಬಟ್ಟೆ ಬದಲಿಸುವ ಜಾಗವೂ ಹೌದು. ಹರಿದ ಕ್ರಿಕೆಟ್ ಮ್ಯಾಟುಗಳ ಕೆಳಗಿನಿಂದ ಹಗ್ಗಜಗ್ಗಾಟದ ಹಗ್ಗವನ್ನು ಎಳೆದಳು. ಉದ್ದನೆಯದು, ಹುಡುಗಿಯ ರಟ್ಟೆಯಷ್ಟು ದಪ್ಪ. ಬಿಚ್ಚಿ, ಹುರಿ ಸವೆದಿದೆಯೇ ಎಂದು ಮೊಳಮೊಳವಾಗಿ ಕೈಯಾಡಿಸಿ ನೋಡಿದಳು. ಸವೆದಿರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಕಮಿಟಿ ಕೋರ್ಟಿನ ಹತ್ತಿರ ಬಂತು. ಶಾಮಿಯಾನ, ಅದರಡಿ ಬಟ್ಟೆ ಹೊದಿಸಿದ ಕುರ್ಚಿಗಳು, ಪಕ್ಕದಲ್ಲಿ ಬ್ಯಾಂಡು. ಬಚ್ಚಲು ನೀರು ಕಾಣದಿರಲೆಂದು ಹೂವಿನ ಕುಂಡ ಜೋಡಿಸಿದ್ದರು. ಹೊಸ ಜೆರ್ಸಿ ತೊಟ್ಟ ಹತ್ತು ಹುಡುಗಿಯರು ಗೆರೆಯ ಹೊರಗೆ ಸಾಲಾಗಿ ನಿಂತಿದ್ದರು. ರಶ್ಮಿತಾ ಕುರ್ಚಿಗಳ ಹಿಂದೆ, ಸಲ್ವಾರಿನಲ್ಲಿ.

"ನಮ್ಮ ಕೋಚ್, ದುರ್ಗಾ ಮೇಡಂ" ಎಂದು ಪರಮೇಶ್ವರಪ್ಪನವರು ಪರಿಚಯಿಸಿದರು. ಮೇಡಂ ಅಂದರು! ಮೂವರು ಪ್ರೊಫೆಸರುಗಳು ನಕ್ಕು ತಲೆಯಾಡಿಸಿದರು. ದುರ್ಗಾ ಕೈಮುಗಿದಳು. ನಂತರ ಹುಡುಗಿಯರ ಕಡೆ ತಿರುಗಿದಳು.

"ಯಾರೂ ಗೆರೆ ದಾಟಬ್ಯಾಡ್ರಿ. ನಾನು ಹೇಳೋಗಂಟ ಒಬ್ರೂ ಒಳಗೆ ಕಾಲಿಡಬ್ಯಾಡ್ರಿ."

ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಒಳಗೆ ಹೋದಳು. ಹತ್ತಿರದ ಕಂಬದ ಕೆಳಗೆ ನಿಂತು ಒಂದು ತುದಿಯನ್ನು ಬೋರ್ಡಿನ ಹಿಂದಿನ ತೋಳಿನ ಮೇಲೆ ಎಸೆದಳು, ಇಳಿದದ್ದನ್ನು ಹಿಡಿದು ಜೀರುಗುಣಿಕೆಯ ಗಂಟು ಬಿಗಿದಳು. ಬ್ಯಾಂಡಿನವರು ಇದೂ ಕಾರ್ಯಕ್ರಮದ ಭಾಗವೆಂದು ಬಾರಿಸುತ್ತಲೇ ಇದ್ದರು. ಕೋರ್ಟಿನ ನಡುವಿಗೆ ಬಂದು, ಹಿಮ್ಮಡಿ ಊರಿ, ಎಳೆದಳು.

ಕಂಬ ನರಳಿತು. ಬುಡದ ಹತ್ತಿರ ನೀಲಿ ಬಣ್ಣ ಬಿರುಕು ಬಿಟ್ಟು ಲಪ್ಪದ ಹೆಂಟೆಯೊಂದು ಕೆಳಗೆ ಬಿತ್ತು. ಬ್ಯಾಂಡು ನಿಂತಿತು.

"ಏನಿದು ಹುಚ್ಚಾಟ?" ಪರಮೇಶ್ವರಪ್ಪನವರು ಎದ್ದು ನಿಂತರು. "ಬಕ್ಕೇಶಾ, ಹಿಡಿಯೋ ಅವಳನ್ನ!"

ಬಕ್ಕೇಶ ಓಡಿದ. ಕಂಬದ ಪಕ್ಕದ ಗೆರೆಯ ತನಕ ಓಡಿ ಬಂದವನು ಗಕ್ಕನೆ ನಿಂತ. ತಲೆಯೆತ್ತಿ ಬೋರ್ಡನ್ನು ನೋಡಿದ. ಒಂದು ಹೆಜ್ಜೆ ಹಿಂದಕ್ಕಿಟ್ಟ.

"ಬರ್ರಿ ಸರ್" ದುರ್ಗಾ ಕೂಗಿದಳು. "ಯಾಕ ನಿಂತ್ರಿ? ಇಪ್ಪತ್ತು ನಿಮಿಷದಾಗೆ ಬೀಳಲ್ಲಂತಲ್ಲ, ಬಂದು ಅದರ ಕೆಳಗೆ ನಿಲ್ರಿ! ಅಧ್ಯಕ್ಷರೇ, ನೀವೂ ಬರ್ರಿ. ನೀವಿಬ್ರೂ ಇಪ್ಪತ್ತು ನಿಮಿಷ ನಿಂತು ತೋರಸ್ರಿ, ನಾನು ಹುಡುಗೀರನ್ನ ಆಡಸ್ತೀನಿ!"

ಯಾರೂ ಬರಲಿಲ್ಲ. ಕಮಿಟಿಯ ಹೆಂಗಸೊಬ್ಬರು ಪ್ರಿನ್ಸಿಪಾಲರನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಪ್ರಿನ್ಸಿಪಾಲರು ಬೆವರು ಒರೆಸಿಕೊಂಡು ಅಧ್ಯಕ್ಷರ ಕಡೆ ನೋಡಿದರು.

ದುರ್ಗಾ ಮತ್ತೆ ಎಳೆದಳು. ಅಂಗೈ ಚರ್ಮ ಸುಲಿಯಿತು. ಕಂಬ ಬಾಗಿತು, ಬೀಳಲಿಲ್ಲ. ಅರೆಬರೆ ಬಾಗಿ ನಿಂತದ್ದು ಇನ್ನೂ ಭಯಂಕರವಾಗಿತ್ತು. ಅವಳಿಗೆ ಅಳು ಬಂತು. ಅಷ್ಟರಲ್ಲಿ ಹಿಂದಿನಿಂದ ಹಗ್ಗ ಬಿಗಿಯಾಯಿತು. ತಿರುಗಿದರೆ ಅಂಜುಮ್.

"ಗೆರೆ ದಾಟಬ್ಯಾಡ ಅಂದಿದ್ನಲ್ಲೇ!"

"ಕಂಬ ಇಲ್ಲೀಗಂಟ ಬರಲ್ಲ ಮೇಡಂ. ಎಳೀರಿ ನೀವು."

ಅಂಜುಮ್‌ಳ ಹಿಂದೆ ಆನಗೋಡಿನವಳು. ಅವಳ ಹಿಂದೆ ಹಾಸ್ಟೆಲಿನವರು. ಕುರ್ಚಿಗಳ ನಡುವೆ ಏನೋ ಉರುಳಿದ ಸದ್ದು, "ಏ ರಶ್ಮೀ, ನಿಲ್ಲೇ!" ಎಂದು ಬಕ್ಕೇಶನ ಕೂಗು. ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ರಶ್ಮಿತಾ ಓಡಿ ಬಂದು ಕೊನೆಯ ತುದಿ ಹಿಡಿದಳು.

"ಒಂದ್... ಎಲ್ಡ್..."

ಮೂರು ಅನ್ನುವ ಮೊದಲೇ ಕಂಬ ಮುರಿಯಿತು. ಬುಡದಲ್ಲೇ, ಹಸಿ ಕಬ್ಬು ಮುರಿದ ಹಾಗೆ. ಬೋರ್ಡು, ರಿಂಗು, ಹೊಸ ಬಲೆ ಎಲ್ಲಾ ಸೇರಿ ಹುಡುಗಿಯರು ಆಡಬೇಕಿದ್ದ ಜಾಗದ ಮೇಲೆ ಬಂದು ಅಪ್ಪಳಿಸಿತು. ರಿಂಗು ಅಂಗೈಯಷ್ಟು ಆಳ ನೆಲದಲ್ಲಿ ಹೂತಿತು. ಅಷ್ಟಾದರೂ ಧೂಳು ಏಳಲಿಲ್ಲ. ಉಪ್ಪು ಹಾಕಿ ಬಿಗಿಮಾಡಿದ ನೆಲ ಅದು.

ಮುರಿದ ಪೈಪಿನೊಳಗಿನಿಂದ ಕೆಂಪು ನೀರು ಸುರಿಯುತ್ತಿತ್ತು. ಪೇಂಟರುಗಳು ತುರುಕಿದ ಬಟ್ಟೆ ಹೊರಗೆ ನೇತಾಡುತ್ತಿತ್ತು.

ಪರಮೇಶ್ವರಪ್ಪನವರು ಮೊದಲ ಸಲ ದನಿಯೇರಿಸಿದರು. "ಉಪ್ಪು ಹಾಕಿ ಹಾಳು ಮಾಡಿದ್ದು ಇವಳೇ! ಕಮಿಟಿಯವರು ನೋಡ್ರಿ, ಟ್ರಸ್ಟಿನ ಆಸ್ತಿ ಹಾಳು ಮಾಡ್ಯಾಳೆ!"

"ಹೌದ್ರಿ, ನಾನೇ." ದುರ್ಗಾ ಗೆರೆಯ ಹೊರಗಿಟ್ಟಿದ್ದ ಬ್ಯಾಗಿನಿಂದ ನಾಲ್ಕು ಮಡಿಕೆಯ ಅರ್ಜಿಯನ್ನು ತೆಗೆದು ಕಮಿಟಿಯ ಹೆಂಗಸಿನ ಕೈಗಿಟ್ಟಳು. ಕಾಗದಕ್ಕೆ ಅವಳ ಅಂಗೈ ರಕ್ತ ಮೆತ್ತಿತು. "ಉಪ್ಪು ಹಾಕಿದ್ದು ನಾನು. ಗೊತ್ತಾದ ದಿನ ಬರೆದುಕೊಟ್ಟಿದ್ದೂ ನಾನು. ನೌಕರಿ ಆಸೆಗೆ ವಾಪಸ್ ತಗಂಡಿದ್ದೂ ನಾನೇ. ಜೈಲಿಗೆ ಹಾಕ್ತೀರಾ, ಹಾಕ್ರಿ. ಆದ್ರೆ ಬಣ್ಣ ಹೊಡ್ಸಿದ್ದು ಇವ್ರು. ತಮ್ಮ ಮನಿ ಹುಡುಗೀನ ಲಿಸ್ಟಿನಿಂದ ತೆಗೆದಿದ್ದು ಇವ್ರು."

"ಪೊಲೀಸ್‌ಗೆ ಫೋನ್ ಹಚ್ಚೋ ಬಕ್ಕೇಶಾ."

ಬಕ್ಕೇಶ ಮೊಬೈಲು ತೆಗೆದ.

"ಹಚ್ರಿ" ಅಂದಳು ದುರ್ಗಾ. ಬಿದ್ದ ಕಂಬದ ಹತ್ತಿರ ಬಗ್ಗಿ ಜೀರುಗುಣಿಕೆ ಬಿಚ್ಚತೊಡಗಿದಳು. ಗಂಟು ಬಿಗಿದಿತ್ತು, ಸುಲಿದ ಬೆರಳು ಉರಿಯುತ್ತಿದ್ದವು. "ಅವ್ರು ಬರೋದ್ರೊಳಗೆ ಇನ್ನೊಂದು ಕಂಬ ಐತೆ."

ಅಂಜುಮ್ ಪಕ್ಕಕ್ಕೆ ಬಂದು ಕೂತು ಹಲ್ಲಿನಿಂದ ಗಂಟು ಸಡಿಲಿಸಿದಳು. ಹುಡುಗಿಯರು ಹಗ್ಗವನ್ನು ಹೆಗಲ ಮೇಲೆ ಹೊತ್ತು ಕೋರ್ಟಿನ ಆ ತುದಿಗೆ ಹೊರಟರು.